ಪೈಥಾನಿನ ರೀ.ಸಬ್: ಎರಡು ಮದುವೆ ಸೀಸನ್ ಬಳಸಿದ ಮೇಲೆ

ನಮ್ಮದು ತೀರ್ಥಹಳ್ಳಿ ಕಡೆ ಅಡುಗೆ ಕಾಂಟ್ರ್ಯಾಕ್ಟ್. ಅಡುಗೆ ಚಿಕ್ಕಪ್ಪನದು, ಪಟ್ಟಿ ನನ್ನದು. ಚಿಕ್ಕಪ್ಪನ ತಲೆಯಲ್ಲಿರುವ ಲೆಕ್ಕವೆಲ್ಲ ನೂರು ಜನಕ್ಕೆ. ನಾನೂರು ಜನದ ಮದುವೆ ಬಂತೋ, ಸಾಮಾನಿನ ಪಟ್ಟಿಯ ಪ್ರತಿ ಅಂಕಿಯನ್ನೂ ನಾಲ್ಕರಿಂದ ಗುಣಿಸಿ ಮತ್ತೆ ಬರೆಯಬೇಕು. ಎಕ್ಸೆಲ್ ಇದೆಯಲ್ವಾ ಅಂತ ನೀವು ಕೇಳುತ್ತೀರಿ. ಹಾಕಿ ನೋಡಿದ್ದೇನೆ. ಆದರೆ ಚಿಕ್ಕಪ್ಪ ಹೇಳುವುದು ‘ತೊಗರಿಬೇಳೆ ೬ ಕೆಜಿ, ಹೋದ ಸಲದ ಥರದ್ದು ಬೇಡ, ಬೆಲ್ಲ ೫ ಕೆಜಿ, ಬಿಳಿ ಬೆಲ್ಲ ತಂದ್ರೆ ವಾಪಸ್ ಕಳಿಸ್ತೀನಿ’ ಅಂತ. ಇದನ್ನು ಯಾವ ಕಾಲಮ್ಮಿಗೆ ಹಾಕುವುದು? ಬೈಗುಳ ಹಾಗೇ ಇರಬೇಕು, ಅಂಕಿ ಮಾತ್ರ ಬದಲಾಗಬೇಕು.

ಅದಕ್ಕೇ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ರೀ ಮಾಡ್ಯೂಲು, ಅದರೊಳಗಿನ ಸಬ್. ಹೇಳಿದ ಆಕಾರದ ಅಕ್ಷರಗಳನ್ನು ಹುಡುಕಿ ಬದಲಿಸುವುದು ಇದರ ಕೆಲಸ. ದುಡ್ಡು ಕೊಡಬೇಕಿಲ್ಲ, ನನ್ನ ಹಳೇ ಲ್ಯಾಪ್‌ಟಾಪಿಗೂ ಭಾರವಿಲ್ಲ. ಹುಡುಕಿ ಬದಲಿಸುವ ಸಾಧನ ಎಲ್ಲ ಕಡೆ ಇದೆ. ಇದರ ಮಜಾ ಏನೆಂದರೆ ಬದಲಿಗೆ ಇಡುವ ಪದದ ಜಾಗದಲ್ಲಿ ಒಂದು ಫಂಕ್ಷನ್ನನ್ನೇ, ಅಂದರೆ ನಾವೇ ಬರೆದ ಪುಟ್ಟ ಲೆಕ್ಕವನ್ನೇ, ಕೊಡಬಹುದು. ಸಿಕ್ಕ ಒಂದೊಂದು ಅಂಕಿಯನ್ನೂ ಅದರ ಕೈಗೆ ಕೊಡುತ್ತೆ, ಅದು ಗುಣಿಸಿ ವಾಪಸ್ ಕೊಟ್ಟಿದ್ದನ್ನು ಅದೇ ಜಾಗದಲ್ಲಿ ಕೂರಿಸುತ್ತೆ. ವಾಪಸ್ ಕೊಡುವುದು ಸ್ಟ್ರಿಂಗೇ (ಅಕ್ಷರಗಳ ಸಾಲು) ಆಗಿರಬೇಕು, ಬರೀ ಸಂಖ್ಯೆ ಕೊಟ್ಟರೆ ಎರರ್.

ಸಂಜೆ ಜಗುಲಿಯಲ್ಲಿ ಈ ಕೆಲಸ. ಚಿಕ್ಕಪ್ಪ ಹೇಳುತ್ತಾ ಹೋಗುತ್ತಾರೆ, ನಾನು ಫೋನಲ್ಲಿ ಟೈಪ್ ಮಾಡುತ್ತೇನೆ. ಎಲೆಅಡಿಕೆ ಕವಳ ಬಾಯಿಗೆ ಬಿದ್ದ ಮೇಲೆ ಮಾತಿಲ್ಲ, ಬೆರಳಲ್ಲೇ ಕೆಜಿ. ಮೂರು ಬೆರಳು ಅಕ್ಕಿಗಾದರೆ ಮೂವತ್ತು, ಮೆಣಸಿಗಾದರೆ ಮುನ್ನೂರು ಗ್ರಾಂ, ಅದು ನನಗೆ ಗೊತ್ತಿರಬೇಕು. ಆಮೇಲೆ ಅವರು ಅಂಗಳದ ತುದಿಗೆ ಹೋಗಿ ಉಗಿದು ಬರುವಷ್ಟರಲ್ಲಿ ನಾನೂರು ಜನದ ಪಟ್ಟಿ ರೆಡಿ. ಮಳೆಗಾಲದಲ್ಲಿ ಕರೆಂಟ್ ಹೋಗುವುದರೊಳಗೆ ಮುಗಿದರೆ ಅದೇ ಪುಣ್ಯ.

ನಾನು ಅಂದುಕೊಂಡಿರದ ಖುಷಿ ಒಂದಿದೆ. ಚಿಕ್ಕಪ್ಪನಿಗೆ ಕನ್ನಡ ಅಂಕಿಯೇ ಬೇಕು. ಇದಕ್ಕೆ ದೊಡ್ಡ ಸರ್ಕಸ್ ಇರುತ್ತೆ ಅಂದುಕೊಂಡಿದ್ದೆ. ಹುಡುಕಬೇಕಾದ ಆಕಾರಕ್ಕೆ ಪ್ಯಾಟರ್ನ್ ಅಂತಾರೆ, ಅದರಲ್ಲಿ ಬ್ಯಾಕ್‌ಸ್ಲ್ಯಾಶ್ ಡಿ (ಅಂದರೆ ಯಾವುದೇ ಅಂಕಿ) ಅಂತ ಕೊಟ್ಟರೆ ಸಾಕು, ೬ ಕೂಡ ಅಂಕಿಯೇ ಅಂತ ಅದಕ್ಕೆ ಗೊತ್ತು. ಅಕ್ಷರದಲ್ಲಿರುವ ಅಂಕಿಯನ್ನು ಸಂಖ್ಯೆ ಮಾಡುವ ಫಂಕ್ಷನ್ ಇಂಟ್. ‘೨೫೦’ ಅನ್ನೋ ಅಕ್ಷರಗಳನ್ನು ಅದಕ್ಕೆ ಕೊಟ್ಟರೆ ಸೀದಾ 250 ಬರುತ್ತೆ. ಆವತ್ತು ರಾತ್ರಿ ಸುಮ್ನೆ ನಾಲ್ಕು ಸಲ ಓಡಿಸಿ ನೋಡಿದೆ. ಉತ್ತರ ಮಾತ್ರ ಇಂಗ್ಲಿಷ್ ಅಂಕಿಯಲ್ಲೇ ಬರುತ್ತೆ, ಒಂದು ಅಕ್ಷರದ ಜಾಗಕ್ಕೆ ಇನ್ನೊಂದನ್ನು ಇಡುವ ಪೈಥಾನಿನ ಟ್ರಾನ್ಸ್‌ಲೇಟ್ ಹಾಕಿ ಕನ್ನಡಕ್ಕೆ ತಿರುಗಿಸಿಕೊಳ್ಳಬೇಕು. ಅಂಕಿ ಓದಿದಷ್ಟು ಚೆನ್ನಾಗಿ ಅಕ್ಷರ ಓದಲ್ಲ ಅನ್ನೋದೂ ಇದೆ. ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಪ್ಲಸ್ (ಪದದ ಅಕ್ಷರಗಳ ಸಾಲು) ಕೊಟ್ಟು ‘ಕೆಜಿ’ ಹಿಡಿಯಲು ಹೋದರೆ ಬರೀ ‘ಕ’ ಹಿಡಿದು ಎತ್ವದ ಹತ್ತಿರ ನಿಂತುಬಿಡುತ್ತೆ.

ಮೊದಲ ಸೀಸನ್ನಿಗೇ ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.

ಶುರುವಿನಲ್ಲೇ ‘ಬೆಳಿಗ್ಗೆ ೭ ಗಂಟೆಗೆ ಬರಬೇಕು’ ಅನ್ನೋದು ೨೮ ಗಂಟೆ ಆಗಿತ್ತು. ನಕ್ಕು ಸರಿ ಮಾಡಿದೆ. ಅಂಕಿಯ ಮುಂದೆ ಕೆಜಿ, ಗ್ರಾಂ, ಲೀಟರ್, ಕಾಯಿ ಇದ್ದರೆ ಮಾತ್ರ ಮುಟ್ಟು ಅಂತ ಪ್ಯಾಟರ್ನಿನಲ್ಲೇ ಹೇಳಬಹುದು, ಲುಕ್‌ಅಹೆಡ್ ಅಂತಾರೆ. ಈ ಜಾಣತನವೇ ಮುಂದೆ ಕೈಕೊಟ್ಟಿತು. ಯಾವಾಗಲೂ ೫೦೦ ಗ್ರಾಂ ಅಂತ ಬರೆಯುವವನು ಒಂದು ಮದುವೆಗೆ ‘ಹುಣಸೆಹಣ್ಣು ೧/೨ ಕೆಜಿ’ ಅಂತ ಬರೆದೆ. ಕೆಜಿ ಪಕ್ಕದಲ್ಲಿ ಇದ್ದದ್ದು ೨ ಮಾತ್ರ. ಅದನ್ನು ನಾಲ್ಕರಿಂದ ಗುಣಿಸಿ ಪಟ್ಟಿಯಲ್ಲಿ ೧/೮ ಕೆಜಿ ಅಂತ ಕೂರಿಸಿತು. ಜನ ನಾಲ್ಕು ಪಟ್ಟು, ಹುಣಸೆ ಕಾಲು ಭಾಗ! ಲುಕ್‌ಅಹೆಡ್ ಇಲ್ಲದಿದ್ದರೆ ೪/೮ ಆಗುತ್ತಿತ್ತು, ಅಂದರೆ ಅದೇ ಅರ್ಧ ಕೆಜಿ. ಎರಡು ಕೆಜಿ ಬರಬೇಕಾದಲ್ಲಿ ನೂರಿಪ್ಪತ್ತೈದು ಗ್ರಾಂ ಪೊಟ್ಟಣ ಬಂತು, ಒಲೆ ಹಚ್ಚಿದ ಮೇಲೇ ನಾವು ನೋಡಿದ್ದು. ‘ಇದೆಂಥದು ಮಾರಾಯ, ಹುಣಸೆಹಣ್ಣೋ ಪ್ರಸಾದವೋ?’ ಅಂದರು ಚಿಕ್ಕಪ್ಪ. ಅಕ್ಕಪಕ್ಕದ ಮನೆಗಳಿಂದ ವಾಟೆಹುಳಿ ಇಸ್ಕೊಂಡು ಬಂದು ಸಾರಿನ ಮಾನ ಉಳಿಸಿದೆವು. ಮದುವೆ ಮನೆಯವರು ಸಾರು ಚೆನ್ನಾಗಿತ್ತು ಅಂದರು, ಅದು ಬೇರೆ ಮಾತು.

ಆಮೇಲೆ ಗೆರೆ ಸಮೇತ ಪೂರ್ತಿ ಹಿಡಿಯುವಂತೆ ಪ್ಯಾಟರ್ನ್ ಬದಲಿಸಿ, ಲೆಕ್ಕಕ್ಕೆ ಭಿನ್ನರಾಶಿ ಗೊತ್ತಿರುವ ಫ್ರಾಕ್ಷನ್ಸ್ ಮಾಡ್ಯೂಲ್ ತಂದೆ. ಅದೇನೋ ಸರಿ ಹೋಯಿತು. ಮುಂದಿನ ತಿಂಗಳು ‘ತುಪ್ಪ ೧ ೧/೨ ಕೆಜಿ’ ಬಂತು. ಅರ್ಧವನ್ನು ಎರಡು ಮಾಡಿ, ಅದಕ್ಕೂ ಮೊದಲಿದ್ದ ಒಂದನ್ನು ಹಾಗೇ ಬಿಟ್ಟು, ‘೧ ೨ ಕೆಜಿ’ ಅಂತ ಕೊಟ್ಟಿತು. ಆರು ಕೆಜಿ ಜಾಗದಲ್ಲಿ ಹನ್ನೆರಡು! ತುಪ್ಪದ ರೇಟಿಗೆ ಆ ಮದುವೆಯ ಲಾಭ ಪೂರ್ತಿ ಅಲ್ಲೇ ಕರಗುತ್ತಿತ್ತು. ಪಟ್ಟಿ ಅಂಗಡಿಗೆ ಹೋಗುವ ಮುಂಚೆ ಚಿಕ್ಕಮ್ಮನ ಕಣ್ಣಿಗೆ ಬಿತ್ತು.

ತಪ್ಪು ಅದರದಲ್ಲ, ನನಗೂ ಗೊತ್ತು. ಹೇಳಿದ ಆಕಾರ ಹುಡುಕುತ್ತೆ ಅಷ್ಟೆ, ಒಂದೂವರೆ ಅಂದರೆ ಏನು ಅಂತ ಅದಕ್ಕೆ ಯಾರೂ ಹೇಳಿಲ್ಲ. ಆದರೂ ಒಲೆ ಮುಂದೆ ನಿಂತು ಬೈಸಿಕೊಂಡವನು ನಾನಲ್ವಾ. ಬಿಟ್ಟಿಲ್ಲ, ಈ ಸೀಸನ್ನಿಗೂ ಇದೇ. ಈಗ ಪಟ್ಟಿಯಲ್ಲಿ ಭಿನ್ನರಾಶಿ ಬಂದ್, ತುಪ್ಪ ೧೫೦೦ ಗ್ರಾಂ. ಓಡಿಸಿದ ಮೇಲೆ ಹಳೇ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಚಿಕ್ಕಮ್ಮ ಒಮ್ಮೆ ಓದುತ್ತಾರೆ.

ಐದಕ್ಕೆ ಮೂರೂವರೆ. ಅಕ್ಷರದಲ್ಲೇ ಬರೆದಿದ್ದೇನೆ, ನೋಡಿಕೊಳ್ಳಿ.