ಕದ್ರಿಯ ಕೆಫೆಯೊಂದರಲ್ಲಿ ನಾಲ್ಕು ಭಾನುವಾರಗಳ ಜಾಝ್

ಮಂಗಳೂರಿನ ಕದ್ರಿಯ ಸಣ್ಣ ಕೆಫೆಯೊಂದು ಕಳೆದ ತಿಂಗಳ ನಾಲ್ಕು ಭಾನುವಾರ ಸಂಜೆ ಜಾಝ್ ಕೇಳುವ ಕೂಟವನ್ನು ಏರ್ಪಡಿಸಿತ್ತು. ಎಲ್‌ಪಿ ಗ್ರಾಮೊಫೋನ್ ತಟ್ಟೆಗಳನ್ನು ಕೇಳಿಸುತ್ತ ನಡುನಡುವೆ ಆ ಸಂಗೀತದ ಹುಟ್ಟು, ಬೆಳವಣಿಗೆಗಳನ್ನು ವಿವರಿಸುವ ಈ ಕೂಟಕ್ಕೆ ಸಂಜೆಯೊಂದಕ್ಕೆ 400 ರೂಪಾಯಿ. ಕಾಫಿ ಮತ್ತು ಎರಡು ಬನ್ಸ್ ಅದರಲ್ಲೇ ಸೇರಿವೆ. ನಾಲ್ಕಕ್ಕೂ ಹೋಗಿ ಬಂದ ನನಗೆ ಕೊಟ್ಟ ಹಣ ನಷ್ಟವೆನಿಸಲಿಲ್ಲ. ಆದರೆ ಆಯೋಜಕರು ತಮ್ಮ ಕಾಲಬುಡದಲ್ಲೇ ಇದ್ದ ಕಥೆಯನ್ನು ಕೈಬಿಟ್ಟರೆಂಬ ಕೊರಗು ಉಳಿದಿದೆ.

ಮೊದಲ ಸಂಜೆಯೇ ಎಲ್ಲಕ್ಕಿಂತ ಸೊಗಸಾಗಿತ್ತು. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಕಾಂಗೋ ಚೌಕದಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಗುಲಾಮರಾಗಿದ್ದ ಆಫ್ರಿಕನ್ನರು ಭಾನುವಾರಗಳಂದು ಸೇರಿ ಡೋಲು ಬಾರಿಸಿ ಕುಣಿಯುತ್ತಿದ್ದುದರಿಂದ ತೊಡಗಿ, ದುಡಿಮೆಯ ಹಾಡು, ಕರಿಯರ ನೋವಿನ ಹಾಡಾದ ಬ್ಲೂಸ್, ಲಯ ತಪ್ಪಿಸಿದಂತೆ ನುಡಿಸುವ ಪಿಯಾನೋ ಸಂಗೀತವಾದ ರಾಗ್‌ಟೈಮ್, ಶವಯಾತ್ರೆಗೂ ಮೆರವಣಿಗೆಗೂ ನುಡಿಸುತ್ತಿದ್ದ ಹಿತ್ತಾಳೆ ವಾದ್ಯಗಳ ಬ್ಯಾಂಡು ಇವೆಲ್ಲ 1900ರ ಆಸುಪಾಸಿನಲ್ಲಿ ಬೆರೆತ ಬಗೆಯನ್ನು ನಿರೂಪಕರು ಮಾತಿಗಿಂತ ಹೆಚ್ಚಾಗಿ ತಟ್ಟೆಗಳಿಂದಲೇ ತಿಳಿಸಿದರು. ಒಬ್ಬ ಎತ್ತಿಕೊಟ್ಟ ಸೊಲ್ಲಿಗೆ ಉಳಿದವರು ಮರುಸೊಲ್ಲು ಕೊಡುವುದನ್ನು ಕೇಳುವಾಗ ನನಗೆ ನಾಟಿ ಗದ್ದೆಯಲ್ಲಿ ಹಾಡುವ ತುಳು ಹಾಡು ಓಬೇಲೆ ನೆನಪಾಯಿತು. ಗಾಂಧಾರ, ನಿಷಾದಗಳನ್ನು ತುಸು ಇಳಿಸಿ ಹಾಡುವ ‘ಬ್ಲೂ ನೋಟ್’ ಹಾರ್ಮೋನಿಯಂನ ಮನೆಗಳಿಗೆ ಸಿಕ್ಕುವುದಿಲ್ಲವೆಂದು ನುಡಿಸಿಯೇ ತೋರಿಸಿದರು. ಕರಿಯರು ಕಟ್ಟಿದ ಈ ಸಂಗೀತದ ಮೊದಲ ತಟ್ಟೆ 1917ರಲ್ಲಿ ಬಿಳಿಯರ ತಂಡವೊಂದರ ಹೆಸರಿನಲ್ಲಿ ಬಂದದ್ದನ್ನೂ ಮುಚ್ಚಿಡಲಿಲ್ಲ.

ಎರಡನೆಯ ಸಂಜೆ ಅಮೆರಿಕದ ಕರಿಯ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರಿಗೆ ಮೀಸಲು. 1928ರ ‘ವೆಸ್ಟ್ ಎಂಡ್ ಬ್ಲೂಸ್’ ಆರಂಭವಾಗುವುದು ಪಕ್ಕವಾದ್ಯವೇ ಇಲ್ಲದ ಟ್ರಂಪೆಟ್‌ನಿಂದ. ಸೂಜಿ ತಾಗಿ ಚರಚರ ಸದ್ದಾಯಿತು, ಟ್ರಂಪೆಟ್ ಮೇಲೇರಿತು, ಅಷ್ಟರಲ್ಲಿ ಕೌಂಟರಿನ ಹಿಂದೆ ಯಾರದೋ ಮಿಲ್ಕ್‌ಶೇಕ್‌ಗಾಗಿ ಮಿಕ್ಸಿ ಗುರ್ರೆಂದಿತು. ಕೇಳಿಕೊಂಡ ಮೇಲೆ ಬೇಸರಿಸದೆ ಮತ್ತೊಮ್ಮೆ ಹಾಕಿದರು. ಜಾಝ್ ವಾದಕರು ಆ ಕ್ಷಣಕ್ಕೆ ಹೊಳೆದಂತೆ ನುಡಿಸುವುದನ್ನು ನಮ್ಮ ಕರ್ನಾಟಕ ಸಂಗೀತದ ಮನೋಧರ್ಮಕ್ಕೆ ಹೋಲಿಸಿದ್ದು ಸರಿಯೇ, ಆದರೆ ಅಲ್ಲಿ ಹಿಡಿತ ರಾಗದ್ದಲ್ಲ, ಸಾಗುತ್ತ ಬದಲಾಗುವ ಕಾರ್ಡ್‌ಗಳದ್ದು, ಎಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳದ್ದು ಎಂಬುದನ್ನು ಇನ್ನಷ್ಟು ಬಿಡಿಸಬೇಕಿತ್ತು.

ಮೂರನೆಯದು ತುಸು ಉಪನ್ಯಾಸದಂತಾಯಿತು. ಅಮೆರಿಕದ ಲಿಟಲ್ ರಾಕ್ ನಗರದ ಶಾಲೆಯಲ್ಲಿ ಕರಿಯ ಮಕ್ಕಳನ್ನು ತಡೆದದ್ದನ್ನು ಪ್ರತಿಭಟಿಸಿ ಆರ್ಮ್‌ಸ್ಟ್ರಾಂಗ್ 1957ರಲ್ಲಿ ಸರಕಾರದ ಸೋವಿಯತ್ ಪ್ರವಾಸವನ್ನು ನಿರಾಕರಿಸಿದ ಪ್ರಸಂಗವೊಂದೇ ಮನಸ್ಸಿನಲ್ಲಿ ನಿಂತಿತು.

ಕೊನೆಯ ಸಂಜೆ ಭಾರತದ್ದು. 1930ರ ದಶಕದ ಬೊಂಬಾಯಿಯ ತಾಜ್ ಹೋಟೆಲಿನಲ್ಲಿ ಅಮೆರಿಕದ ಕರಿಯ ವಾದಕರು ನುಡಿಸಿದ್ದು, ಅವರಿಂದ ಕಲಿತ ಗೋವೆಯ ವಾದಕರು ಹಿಂದಿ ಚಿತ್ರಗೀತೆಗಳಿಗೆ ಆ ನಾದವನ್ನು ತಂದದ್ದು ಎಲ್ಲವೂ ಬಂತು. ಸ್ಯಾಕ್ಸೋಫೋನ್ ಕೇಳಿಸಿದಾಗ ಪಕ್ಕದಲ್ಲಿದ್ದ ಹಿರಿಯರು, “ಇದು ನಮ್ಮ ದೇವಸ್ಥಾನದ ಉತ್ಸವದಲ್ಲಿ ಊದುವ ವಾದ್ಯ ಅಲ್ವಾ ಮಾರಾಯ್ರೇ?” ಎಂದರು. ನಿರೂಪಕರು ನಕ್ಕು ಮುಂದಿನ ತಟ್ಟೆಗೆ ಹೋದರು. ಆ ವಾದ್ಯದಲ್ಲಿ ಗಮಕ ಹೊಮ್ಮಿಸಿ ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ, 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರೊಂದಿಗೆ ನುಡಿಸಿದ ಕದ್ರಿ ಗೋಪಾಲನಾಥರ ಹೆಸರನ್ನು ಕದ್ರಿಯಲ್ಲೇ ಕುಳಿತು ಹೇಳದಿರುವುದು ನನಗಂತೂ ಅರ್ಥವಾಗಲಿಲ್ಲ.

ಹೊರಡುವಾಗ ಕೊಟ್ಟ ಅಭಿಪ್ರಾಯದ ಚೀಟಿಯಲ್ಲಿ ಎರಡೇ ಸಾಲು ಬರೆದೆ: ಐದನೆಯ ಭಾನುವಾರವೊಂದು ಬೇಕು; ಮಿಕ್ಸಿಯನ್ನು ಅಡುಗೆಮನೆಯೊಳಗಿಡಿ.