ಸ್ಟುಟ್‌ಗಾರ್ಟ್‌ಗೆ ಸಂಗಾತಿಯ ಕೆಲಸಕ್ಕಾಗಿ ಬಂದವರಿಗೆ ಇಂಟಿಗ್ರೇಷನ್ ಕೋರ್ಸ್: ನನ್ನ ಅನುಭವ

ನಮ್ಮ ಯಜಮಾನರಿಗೆ ಇಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ, ಕಾರು ಕಂಪನಿಯಲ್ಲಿ ಕೆಲಸ. ನಾನು ಹಾಸನದಲ್ಲಿ ಹೈಸ್ಕೂಲಿಗೆ ಗಣಿತ ಪಾಠ ಮಾಡುತ್ತಿದ್ದೆ. ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ಹೊರದೇಶದವರಿಗೆ ಇಲ್ಲಿ ಕೆಲಸಕ್ಕೆ ಕೊಡುವ ಪರ್ಮಿಟ್, ಇರುವವರ ಹೆಂಡತಿಗಾಗಲಿ ಗಂಡನಿಗಾಗಲಿ ವೀಸಾಕ್ಕೆ ಮೊದಲೇ ಜರ್ಮನ್ ಬರಬೇಕು ಅನ್ನುವ ನಿಯಮ ಇಲ್ಲ. ಬಂದ ಮೇಲೆ ಕೆಲಸ ಮಾಡುವುದಕ್ಕೂ ಅಡ್ಡಿಯಿಲ್ಲ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಭಾಷೆ ಗೊತ್ತಿಲ್ಲದೆ ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಳ್ಳಲೂ ಯಜಮಾನರ ಮೀಟಿಂಗ್ ಮುಗಿಯಲಿ ಅಂತ ಕಾಯಬೇಕು. ಸ್ವಂತ ಸಂಬಳ ಎಣಿಸಿ ಬದುಕಿದವಳಿಗೆ ಅದು ಬಹಳ ಸಂಕಟ. ಅದಕ್ಕೇ "ಇಂಗ್ಲಿಷಲ್ಲೇ ನಡೆಯಲ್ವಾ ಅಕ್ಕ?" ಅಂತ ಕೇಳುವವರಿಗೆಲ್ಲ ನಾನು ಈ ಕೋರ್ಸ್ ಸೇರಿ ಅಂತಲೇ ಹೇಳುವುದು.

ಇಂಟಿಗ್ರೇಷನ್ ಕೋರ್ಸ್ ಅಂದರೆ ಹೊರದೇಶದಿಂದ ಬಂದವರಿಗೆ ಜರ್ಮನ್ ಭಾಷೆಯನ್ನೂ ಇಲ್ಲಿನ ಬದುಕನ್ನೂ ಕಲಿಸುವ ಕೋರ್ಸ್, 2005ರಿಂದ ಸರ್ಕಾರವೇ ನಡೆಸಿಕೊಂಡು ಬಂದಿದೆ. ಸಾಮಾನ್ಯವಾಗಿ ಭಾಷೆಗೆ 600 ಪೀರಿಯಡ್, ಇತಿಹಾಸ, ಕಾನೂನು, ಸಮಾಜದ ಪಾಠಕ್ಕೆ 100. ಒಂದೊಂದು ಪೀರಿಯಡ್ 45 ನಿಮಿಷ. ಖರ್ಚಿನಲ್ಲಿ ಒಂದು ಪಾಲು ನಮ್ಮದು, ಉಳಿದದ್ದು ಸರ್ಕಾರದ್ದು. ನಾನು ಸೇರಿದ್ದು ಫೋಕ್ಸ್‌ಹೋಖ್‌ಶೂಲೆಗೆ, ದೊಡ್ಡವರಿಗಾಗಿಯೇ ಇರುವ ಶಾಲೆ ಅದು. ರೋಟೆಬ್ಯೂಲ್‌ಪ್ಲಾಟ್ಸ್‌ನಲ್ಲಿದೆ. ಷ್ಟಾಟ್‌ಮಿಟ್ಟೆ ಸ್ಟೇಷನ್‌ನಲ್ಲಿ ಇಳಿದರೆ ಹತ್ತಿರ.

ಪಾಠ ಬರೀ ವ್ಯಾಕರಣ ಅಲ್ಲ, ಅದೇ ನನಗೆ ಇಷ್ಟವಾಗಿದ್ದು. ಈ ಕಡೆಯ ಮನೆಗಳಲ್ಲಿ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ. ಬಾಗಿಲ ಹಿಡಿಕೆಗೆ ಒಂದು ಬೋರ್ಡ್ ನೇತು ಬಿದ್ದರೆ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಮ್ಮದು. ಟೀಚರ್ ಅದನ್ನೇ ಪಾಠ ಮಾಡಿಬಿಟ್ಟರು. ನಮ್ಮಲ್ಲಿ ಒಬ್ಬರು ಊರಿಗೆ ಹೊರಟವರಂತೆ, ಇನ್ನೊಬ್ಬರು ಪಕ್ಕದ ಮನೆಯವರಂತೆ ನಟಿಸಬೇಕು. ಸರದಿ ಅದಲು ಬದಲು ಮಾಡಿಕೊಳ್ಳೋಣವೇ ಅಂತ ಮರ್ಯಾದೆಯಿಂದ ಕೇಳಬೇಕು. ತಪ್ಪಿದಾಗ ಟೀಚರ್ ತಿದ್ದುತ್ತಿರಲಿಲ್ಲ, ಸರಿಯಾದ ಮಾತನ್ನು ತಾವೇ ಇನ್ನೊಮ್ಮೆ ಆಡುತ್ತಿದ್ದರು. ನಾವು ಹಾಗೇ ಹೇಳುವವರೆಗೂ ಕಾಯುತ್ತಿದ್ದರು. ಆಮೇಲೆ ನಿಜವಾಗಿಯೂ ಊರಿಗೆ ಹೊರಡುವ ವಾರ ಬಂತು. ಕೆಳಗಿನ ಮನೆಯ ಅಜ್ಜಿಯ ಬಾಗಿಲು ತಟ್ಟಿ ಅದೇ ಮಾತು ಹೇಳಿದೆ. ಒಪ್ಪಿದರು, ಕೂರಿಸಿ ಕಾಫಿಯನ್ನೂ ಕೊಟ್ಟರು. ಯಜಮಾನರು ಜೊತೆಗಿಲ್ಲದೆ ನಾನು ಮಾಡಿಕೊಂಡ ಮೊದಲ ಪರಿಚಯ ಅದು.

ಆದರೆ ಅಜ್ಜಿ ಆಡಿದ್ದು ಶ್ವೇಬಿಷ್, ಈ ಕಡೆಯ ಆಡುಮಾತಿನ ಜರ್ಮನ್. ಅರ್ಧಕ್ಕರ್ಧ ತಿಳಿಯಲಿಲ್ಲ. ಈ ಕೋರ್ಸಿನಲ್ಲಿ ನನಗೆ ಕಂಡ ಕೊರತೆ ಅದೇ. ಪುಸ್ತಕದ ಜರ್ಮನ್ ಜೊತೆ ಇಲ್ಲಿನ ಜನರ ಮಾತಿಗೂ ನಾಲ್ಕು ಪೀರಿಯಡ್ ಇಟ್ಟಿದ್ದರೆ ಎಷ್ಟು ಒಳ್ಳೆಯದಿತ್ತು. ವೇಗವೂ ಜಾಸ್ತಿ. ಮಗುವಿಗೆ ಜ್ವರ ಅಂತ ಎರಡು ದಿನ ಬಿಟ್ಟವರು ಹಿಂದೆ ಬೀಳುತ್ತಿದ್ದರು.

ಕೊನೆಯ ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಬರೆಯುವುದರ ಜೊತೆಗೆ ಮಾತಾಡುವುದೂ ಇದೆ. ಮಾತಿನ ಪರೀಕ್ಷೆ ಇಬ್ಬಿಬ್ಬರಿಗೆ. ಇಬ್ಬರೂ ಸೇರಿ ಏನಾದರೊಂದು ಪ್ಲಾನ್ ಮಾಡಬೇಕು. ನನ್ನ ಜೊತೆಗಾರ ಬ್ರೆಜಿಲ್‌ನವರು. ಅವರ ಹೆಂಡತಿ ಇಲ್ಲಿ ಎಂಜಿನಿಯರ್, ಇವರು ತಮ್ಮ ಕೆಲಸ ಬಿಟ್ಟು ಜೊತೆಗೆ ಬಂದವರು. ಪರೀಕ್ಷೆ ಮುಗಿದ ಮೇಲೂ ನಮ್ಮ ಎರಡೂ ಮನೆಯವರು ಸೇರಿ ಊಟ ಮಾಡುತ್ತೇವೆ. ಇನ್ನು ಸಮಾಜದ ಪಾಠದ ಪರೀಕ್ಷೆಯಲ್ಲಿ 33 ಪ್ರಶ್ನೆ. 17 ಸರಿಯಾದರೆ ಮುಂದೆ ಪೌರತ್ವಕ್ಕೂ ಸಾಕು. ಅದರಲ್ಲಿ 3 ಪ್ರಶ್ನೆ ನಾವಿರುವ ರಾಜ್ಯದ ಬಗ್ಗೆ. ನಮ್ಮದು ಬಾಡೆನ್ ವ್ಯೂರ್ಟೆಂಬೆರ್ಗ್ ರಾಜ್ಯ, ಅದರ ಲಾಂಛನದಲ್ಲಿ ಮೂರು ಕಪ್ಪು ಸಿಂಹಗಳಿವೆ. ಆ ಪಾಠದ ದಿನ ನಾನು ನಮ್ಮ ಕರ್ನಾಟಕದ ಲಾಂಛನದ ಎರಡು ತಲೆಯ ಗಂಡಭೇರುಂಡದ ಚಿತ್ರ ತೋರಿಸಿ ಜರ್ಮನ್‌ನಲ್ಲೇ ವಿವರಿಸಿದೆ. ಬೋರ್ಡ್ ಮುಂದೆ ನಿಂತು ಮಾತಾಡಿ ಎಷ್ಟು ಕಾಲವಾಗಿತ್ತು!

ಒಂದು ವಿಷಯ ಸ್ಪಷ್ಟವಾಗಿ ತಿಳಿದಿರಲಿ. ಈ ಕೋರ್ಸ್ ಬಿ1ವರೆಗೆ, ಅಂದರೆ ದಿನನಿತ್ಯದ ಮಾತುಕತೆಗೆ ಸಾಕಾಗುವ ನಡುಮಟ್ಟದವರೆಗೆ ಮಾತ್ರ. ಶಾಲೆಯಲ್ಲಿ ಪಾಠ ಮಾಡಲು ಅದು ಸಾಲದು. ಡಿಗ್ರಿಗೆ ಮಾನ್ಯತೆ ಪಡೆಯಲು ಬೇರೆಯೇ ಅರ್ಜಿ ಹಾಕಬೇಕು. ನಾನೀಗ ಅದರ ಮುಂದಿನ ಮಟ್ಟ ಬಿ2 ಓದುತ್ತಿದ್ದೇನೆ.

ಸೇರುವವರು ರೆಸಿಡೆನ್ಸ್ ಪರ್ಮಿಟ್ ಮಾಡಿಸುವಾಗಲೇ ಕೋರ್ಸಿನ ಅನುಮತಿ ಪತ್ರ ಕೇಳಿ. ಆಮೇಲೆ ಶಾಲೆಯಲ್ಲಿ ಲೆವೆಲ್ ಟೆಸ್ಟ್ ಇರುತ್ತದೆ. ಬೆಳಗ್ಗೆಯ ಬ್ಯಾಚ್ ಬೇಕಾ, ಸಂಜೆಯದಾ, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇದೆಯಾ ಅಂತ ಅವತ್ತೇ ವಿಚಾರಿಸಿಬಿಡಿ.