ಬಾಲೆಯಾಡಾ, ಕೋಳಿ-ತಹಾದಾಸ್, ಶಂಖದ ಸಾರು: ಲಾ ಸೇಯ್ಬಾದ ಊಟದ ಮನೆಯಲ್ಲಿ ಏನನ್ನು ಕೇಳಬೇಕು?

ಹೊಂಡುರಾಸ್ ದೇಶದ ಉತ್ತರ ಕರಾವಳಿಯ ಲಾ ಸೇಯ್ಬಾದಲ್ಲಿ ‘ಕೊಮೆದೋರ್’ ಎಂಬ ಸಣ್ಣ ಊಟದ ಮನೆಗಳಿಗೆ ಹೋಗುವ ಹೊಸಬರು ಸಾಮಾನ್ಯವಾಗಿ ‘ಪ್ಲಾತೊ ತಿಪಿಕೊ’ವನ್ನೇ ಕೇಳುತ್ತಾರೆ. ಕೆಂಡದ ಮೇಲೆ ಸುಟ್ಟ ದನದ ಮಾಂಸ, ಚೊರಿಸೊ ಎಂಬ ಮಸಾಲೆ ಸಾಸೇಜ್, ಅನ್ನ, ರಾಜ್ಮಾ ಜಾತಿಯ ಕೆಂಪು ಕಾಳು, ಕರಿದ ಮಾಗಿದ ಬಾಳೆ, ಚೀಸ್, ‘ತೊರ್ತಿಯಾ’ ಎಂಬ ಮೆಕ್ಕೆಜೋಳದ ತೆಳು ರೊಟ್ಟಿ ಎಲ್ಲವೂ ಒಂದೇ ತಟ್ಟೆಯಲ್ಲಿ ಸಿಗುವುದರಿಂದ ದೇಶದ ರುಚಿಯೆಲ್ಲ ಒಮ್ಮೆಗೇ ದಕ್ಕಿತೆಂಬ ಭರವಸೆ ಹುಟ್ಟುತ್ತದೆ. ನಾನು ಬೇರೆ ಬೇರೆ ಅಂಗಡಿಗಳಲ್ಲಿ ಉಂಡ ಮಟ್ಟಿಗೆ ಈ ತಟ್ಟೆ ಹೊಟ್ಟೆಯನ್ನು ತುಂಬಿಸಿತೇ ಹೊರತು ಯಾವ ಒಂದು ಪದಾರ್ಥವೂ ನಾಲಗೆಯಲ್ಲಿ ನಿಲ್ಲಲಿಲ್ಲ. ಮಾಂಸ ಬಿಸಿಯಾಗಿದ್ದರೆ ಅನ್ನ ಆರಿರುತ್ತಿತ್ತು.

ಅದರ ಅರ್ಧದಷ್ಟು ಆಡಂಬರವೂ ಇಲ್ಲದ ಬಾಲೆಯಾಡಾ ನನಗೆ ಎಲ್ಲಕ್ಕಿಂತ ಮೇಲೆನಿಸಿತು. ಮೈದಾ ಹಿಟ್ಟಿಗೆ ಕೊಬ್ಬು ಅಥವಾ ಎಣ್ಣೆ ಬೆರೆಸಿ ನಾದಿ, ಉಂಡೆ ಕಟ್ಟಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಲಟ್ಟಣಿಗೆಯ ನೆರವಿಲ್ಲದೆ ಅಂಗೈಗಳ ನಡುವೆಯೇ ತಟ್ಟಿ ಅಗಲಿಸಿದ ತೊರ್ತಿಯಾವನ್ನು ಹೆಂಚಿನ ಮೇಲೆ ಅಲ್ಲಲ್ಲಿ ಕಂದು ಚುಕ್ಕೆ ಏಳುವವರೆಗೆ ಬೇಯಿಸುತ್ತಾರೆ. ಅದರ ಮೇಲೆ ಬೇಯಿಸಿ, ಅರೆದು, ಈರುಳ್ಳಿಯೊಡನೆ ಹುರಿದ ಕೆಂಪು ಕಾಳಿನ ಮುದ್ದೆಯನ್ನು ಸವರಿ, ತುಸು ಹುಳಿಯಾದ ಉಪ್ಪುಗೆನೆಯನ್ನು ಸುರಿದು, ಗಟ್ಟಿ ಚೀಸಿನ ತುರಿಯನ್ನು ಉದುರಿಸಿ ಅರ್ಧಕ್ಕೆ ಮಡಚಿದರೆ ಮುಗಿಯಿತು. ಮೊಟ್ಟೆ, ಬೆಣ್ಣೆಹಣ್ಣು, ಮಾಂಸ ಬೇಕೆಂದವರಿಗೆ ಅವುಗಳೂ ಉಂಟು. ಆದರೆ ಸರಳವಾದದ್ದರಲ್ಲಿಯೇ ಕಾಳಿನ ಹದವೂ ಕೆನೆಯ ಉಪ್ಪೂ ಸ್ಪಷ್ಟವಾಗಿ ತಿಳಿಯುತ್ತವೆ. ಒಂದೇ ಷರತ್ತೆಂದರೆ ತೊರ್ತಿಯಾ ಕಣ್ಣೆದುರೇ ಬೇಯಬೇಕು. ಮೊದಲೇ ಮಾಡಿ ಬಟ್ಟೆಯಲ್ಲಿ ಸುತ್ತಿಟ್ಟದ್ದು ಬೇಗನೆ ನಾರಾಗುತ್ತದೆ. ಬೆಳಗಿನ ಹೊತ್ತು ಅಥವಾ ಸಂಜೆ, ಹೆಂಚಿನ ಮುಂದೆ ಜನ ಕಾಯುತ್ತಿರುವ ಅಂಗಡಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಮಧ್ಯಾಹ್ನದ ಹಸಿವಿಗೆ ಮಾತ್ರ ಬಾಲೆಯಾಡಾದ ನಿಜವಾದ ಎದುರಾಳಿ ಕೋಳಿ-ತಹಾದಾಸ್. ಸಾನ್ ಪೆದ್ರೊ ಸುಲಾ ನಗರದೊಡನೆ ಹೆಚ್ಚಾಗಿ ಗುರುತಿಸಲಾಗುವ ಈ ತಿನಿಸಿನಲ್ಲಿ ಹಸಿ ಬಾಳೆಕಾಯಿಯನ್ನು ಉದ್ದಕ್ಕೆ ಸೀಳಿ ಕರಿದು ಹಾಸಿ, ಅದರ ಮೇಲೆ ಹಿಟ್ಟು ಹಚ್ಚಿ ಕರಿದ ಕೋಳಿಯ ತುಂಡುಗಳನ್ನಿಟ್ಟು, ಎಲೆಕೋಸಿನ ಎಳೆಗಳನ್ನೂ ಸಾಸನ್ನೂ ‘ಚಿಮೊಲ್’ ಎಂಬ ಟೊಮೆಟೊ-ಈರುಳ್ಳಿಯ ಹಸಿ ಮಿಶ್ರಣವನ್ನೂ ಹರಡುತ್ತಾರೆ. ನಮ್ಮ ಬಾಳೆಕಾಯಿ ಚಿಪ್ಸನ್ನು ನೆನೆದು ತಿನ್ನಹೊರಟವರಿಗೆ ಈ ಹೋಳುಗಳ ಒಳಭಾಗ ಮೆತ್ತಗೆ, ಹಿಟ್ಟುಹಿಟ್ಟಾಗಿ ಸಿಕ್ಕುವುದು ಅಚ್ಚರಿಯೆನಿಸಬಹುದು. ಕೋಳಿಯ ರಸವೂ ಸಾಸೂ ಇಳಿದು ನೆನೆದ ಅಡಿಯ ಹೋಳುಗಳೇ ಇದರ ಸಾರ. ಕೋಳಿಗಿಂತ ಅವನ್ನೇ ನಾನು ಹೆಚ್ಚು ಆಸೆಯಿಂದ ತಿಂದೆ. 1899ರಲ್ಲಿ ವಕ್ಕಾರೊ ಸಹೋದರರೆಂಬ ಹಣ್ಣಿನ ವ್ಯಾಪಾರಿಗಳು ಇದೇ ಲಾ ಸೇಯ್ಬಾದಿಂದ ಬಾಳೆಯನ್ನು ಅಮೆರಿಕಕ್ಕೆ ಸಾಗಿಸಲಾರಂಭಿಸಿದರು. ರಫ್ತಿನ ಬೆಳೆಯಾಗಿ ಹೆಸರಾದ ಕಾಯಿ ಊರಿನ ಬಾಣಲೆಯಲ್ಲಿ ಹೀಗೆ ಬೇರೆಯೇ ರುಚಿ ಪಡೆದಿದೆ. ಆದರೂ ಎಣ್ಣೆ ಹೆಚ್ಚು. ಉಂಡ ಮೇಲೆ ಸೆಕೆಯಲ್ಲಿ ನಡೆಯುವ ಯೋಚನೆಯಿದ್ದವರು ಇದನ್ನು ಬಿಡುವುದೇ ಲೇಸು.

ಶಂಖದ ಮಾಂಸದ ಸಾರಾದ ‘ಸೋಪಾ ದೆ ಕರಕೋಲ್’ ಇವೆರಡರ ಪಂಕ್ತಿಗೆ ಸೇರುವುದಿಲ್ಲ. ಬೆಲೆಯೂ ಹೆಚ್ಚು, ಎಲ್ಲ ಅಂಗಡಿಗಳಲ್ಲಿಯೂ ಸಿಗದು. ತೆಂಗಿನ ಹಾಲು, ಮರಗೆಣಸು, ಹಸಿ ಬಾಳೆ ಸೇರಿದ ಈ ಸಾರಿನಲ್ಲಿ, 1797ರಲ್ಲಿ ಬ್ರಿಟಿಷರು ಸೇಂಟ್ ವಿನ್ಸೆಂಟ್ ದ್ವೀಪದಿಂದ ಹೊಂಡುರಾಸಿನ ರೊಆತಾನ್ ದ್ವೀಪಕ್ಕೆ ತಂದು ಬಿಟ್ಟ, ಆಫ್ರಿಕನ್ ಹಾಗೂ ಕೆರಿಬಿಯನ್ ಮೂಲನಿವಾಸಿಗಳ ಮಿಶ್ರ ಸಂತತಿಯವರಾದ ಗರಿಫುನಾ ಜನರ ಅಡುಗೆಯ ಛಾಯೆ ದಟ್ಟವಾಗಿದೆ. ಕಡಲತೀರದ ಗರಿಫುನಾ ಅಡುಗೆಯವರ ಕೈಯಲ್ಲಿ ಉಂಡಾಗ ತೆಂಗಿನ ಸಿಹಿ ಹಿತವಾಗಿತ್ತು, ಮಾಂಸ ಮೃದುವಾಗಿತ್ತು; ಪೇಟೆಯ ಒಂದು ಅಂಗಡಿಯಲ್ಲಿ ಅದೇ ಮಾಂಸ ರಬ್ಬರಾಗಿತ್ತು. ಹಾಗಾಗಿ ಪೇಟೆಯ ಕೊಮೆದೋರಿನಲ್ಲಿ ಇದನ್ನು ಕೇಳುವಂತೆ ನಾನು ಯಾರಿಗೂ ಹೇಳಲಾರೆ.

ಸಸ್ಯಾಹಾರಿಗಳಿಗೆ ಇವುಗಳಲ್ಲಿ ಒಗ್ಗುವುದು ಸರಳ ಬಾಲೆಯಾಡಾ ಒಂದೇ, ಅದೂ ವಿಚಾರಿಸಿಕೊಂಡ ಮೇಲೆ. ಹಿಟ್ಟು ನಾದಲು, ಕಾಳು ಹುರಿಯಲು ಹಂದಿಯ ಕೊಬ್ಬನ್ನು ಬಳಸುವವರೂ ಇದ್ದಾರೆ, ಸಸ್ಯಜನ್ಯ ಎಣ್ಣೆಯನ್ನೇ ಬಳಸುವವರೂ ಇದ್ದಾರೆ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಅಡುಗೆಯವರು ಕೊಬ್ಬನ್ನು ಆ ಲೆಕ್ಕಕ್ಕೆ ಸೇರಿಸದೆ ಇರಬಹುದಾದ್ದರಿಂದ, ಕೊಬ್ಬಿನ ಮಾತನ್ನು ಪ್ರತ್ಯೇಕವಾಗಿಯೇ ಕೇಳಬೇಕು.